ಪದ್ಮಿನಿಯ ಹಾಡು, ಭಾಗವತನ ಕೊರಳು

ಪ್ರಶ್ನೆ: ಅಕ್ಕಾ, ನಾನು ಮುಲುಂಡಿನವಳು, ಬಿ.ಕಾಂ. ಎರಡನೇ ವರ್ಷ. ರಾಜ್ಯೋತ್ಸವಕ್ಕೆ ನಾವು ಹದಿನಾಲ್ಕು ಮಂದಿ ವಿದ್ಯಾರ್ಥಿಗಳು ಸೇರಿ ‘ಹಯವದನ’ ಆಡುತ್ತಿದ್ದೇವೆ. ನಿರ್ದೇಶನ ನನ್ನದು. ಪದ್ಮಿನಿಯ ಪಾತ್ರ ಮಾಡುವವಳು ನನ್ನ ಬಾಲ್ಯದ ಗೆಳತಿ. ಮಾತಿಗೆ ನಿಂತರೆ ಅವಳಿಂದ ಕಣ್ಣು ತೆಗೆಯಲಾಗುವುದಿಲ್ಲ. ಹಾಡಿಗೆ ನಿಂತರೆ ಶ್ರುತಿ ಎಲ್ಲೋ, ಅವಳೆಲ್ಲೋ. ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ಟ್ರ್ಯಾಕ್ ಮಾಡಿಸಿದ್ದೇವೆ, ಅದಕ್ಕೂ ಅವಳಿಗೂ ಕೂಡಿಬರುತ್ತಿಲ್ಲ. ‘ಹಾಡಲು ಬರುವವಳನ್ನು ಹಾಕು’ ಎಂದು ಹಿರಿಯರು ಹೇಳುತ್ತಿದ್ದಾರೆ. ಅದು ಅವಳ ಕಿವಿಗೂ ಬಿದ್ದು, ನನ್ನ ಜತೆ ಮಾತು ಬಿಟ್ಟಿದ್ದಾಳೆ. ಇನ್ನು ಇಪ್ಪತ್ತೆರಡು ದಿನ. ನಡುವೆ ಪರೀಕ್ಷೆ ಬೇರೆ. ಅವಳನ್ನು ಬದಲಾಯಿಸಲೇ?

ಉತ್ತರ: ಬೇಡ. ಬದಲಾಯಿಸಬೇಕಾದದ್ದು ಆ ಟ್ರ್ಯಾಕನ್ನು.

ದುಡ್ಡು ಹೋಯಿತೆಂದು ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ ಕಣಮ್ಮಾ. ನಟಿ ಒಂದು ಉಸಿರು ಹೆಚ್ಚು ತೆಗೆದುಕೊಂಡಳೋ, ಅದು ಮುಂದೆ ಹೋಗಿಬಿಟ್ಟಿರುತ್ತದೆ. ಆಮೇಲೆ ಅವಳು ಅದರ ಹಿಂದೆ ಓಡಬೇಕು. ಓಡುವವಳ ಕೊರಳಲ್ಲಿ ಶ್ರುತಿ ಎಲ್ಲಿಂದ ನಿಲ್ಲಬೇಕು? ಬದಲಿಗೆ ಹಾರ್ಮೋನಿಯಂ ನುಡಿಸುವ ಒಬ್ಬರನ್ನು, ಡೋಲಕ್ಕೋ ಮದ್ದಳೆಯೋ ಬಲ್ಲ ಇನ್ನೊಬ್ಬರನ್ನು ಹುಡುಕು. ಮುಂಬಯಿಯಲ್ಲಿ ಯಕ್ಷಗಾನದ ಹಿಮ್ಮೇಳ ಬಲ್ಲವರಿಗೆ ಬರವಿಲ್ಲ. ನಿನ್ನ ಹದಿನಾಲ್ಕು ಮಂದಿಯ ಮನೆಗಳಲ್ಲೇ ಒಬ್ಬ ಮಾವನೋ ಅಜ್ಜನೋ ಇದ್ದಾರು, ವಿಚಾರಿಸು.

ನೀನು ಆರಿಸಿಕೊಂಡ ನಾಟಕ ಯಾವುದು ಎನ್ನುವುದನ್ನೇ ಗಾಬರಿಯಲ್ಲಿ ಮರೆತಿದ್ದೀ. 1971ರಲ್ಲಿ ಬಂದ ‘ಹಯವದನ’ದಲ್ಲಿ ಗಿರೀಶ ಕಾರ್ನಾಡರು ಭಾಗವತನನ್ನು ರಂಗದ ಮೇಲೆಯೇ ಕೂರಿಸಿದ್ದಾರೆ, ಜತೆಗೆ ಹೆಂಗಸರ ಮೇಳವನ್ನೂ ಇಟ್ಟಿದ್ದಾರೆ. ಪದ್ಮಿನಿ ಬಾಯಿಬಿಟ್ಟು ಹೇಳಲಾರದ್ದನ್ನು ಅವರು ಹಾಡಿ ಹೇಳುತ್ತಾರೆ. ಯಕ್ಷಗಾನದಲ್ಲಿ ಪದ ಭಾಗವತರದು, ಕುಣಿತ ಮತ್ತು ಅರ್ಥ ವೇಷಧಾರಿಯದು. ಅಲ್ಲಿ ವೇಷಧಾರಿಗೆ ಹಾಡಲು ಬರುವುದಿಲ್ಲ ಎಂದು ಯಾರಾದರೂ ದೂರಿದ್ದನ್ನು ಕೇಳಿದ್ದೀಯಾ?

ನಿಮ್ಮ ಹಿರಿಯರಿಗೆ ಇನ್ನೊಂದು ಕಥೆ ಹೇಳು. 1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯ ಯಕ್ಷಗಾನ ಮೇಳ ಸಾಂಗಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಸಾಂಗಲಿಯ ಅರಸರು ನಮ್ಮ ಭಾಷೆಯಲ್ಲೂ ಇಂಥದ್ದು ಆಗಲಿ ಎಂದರು. ಮರುವರ್ಷವೇ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ. ಭಾವೆಯವರ ಆಟಗಳಲ್ಲೂ ಹಾಡುತ್ತಿದ್ದವನು ಸೂತ್ರಧಾರ, ಪಾತ್ರಗಳದ್ದು ಮಾತು ಮತ್ತು ಅಭಿನಯ. ನಟನೇ ಹಾಡಬೇಕು ಎನ್ನುವುದು ಗಟ್ಟಿಯಾಗಿ ಬೇರೂರಿದ್ದು 1880ರ ‘ಸಂಗೀತ ಶಾಕುಂತಲ’ದಿಂದ. ಅದನ್ನು ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೇ ಅನ್ನು! ಅಲ್ಲಿಂದ ಮುಂದೆ ಬಾಲಗಂಧರ್ವರ ಕಾಲಕ್ಕೆ ಬಂದರೆ ಜನ ನಾಟಕ ನೋಡುವುದಕ್ಕಿಂತ ಹಾಡು ಕೇಳಲಿಕ್ಕೇ ಬರುತ್ತಿದ್ದರು. ಆ ದಾರಿ ಚೆಂದದ್ದೇ, ಆದರೆ ಈ ನಾಟಕದ ದಾರಿ ಬೇರೆ.

ಒಂದು ಹಾಡನ್ನು ಮಾತ್ರ ಗೆಳತಿಯಿಂದ ಕಿತ್ತುಕೊಳ್ಳಬೇಡ. ಮಗುವಿಗೆ ಪದ್ಮಿನಿ ಹಾಡುವ, ಕುದುರೆ ಸವಾರನ ಜೋಗುಳ. ಶ್ರುತಿಪೆಟ್ಟಿಗೆ ಹಿಡಿದುಕೊಂಡು ಜೋಗುಳ ಹಾಡುವ ತಾಯಿ ಎಲ್ಲಿದ್ದಾಳೆ? ಅಲ್ಲಿ ಹಾರ್ಮೋನಿಯಂ ಪೂರ್ತಿ ನಿಲ್ಲಿಸು. ಅವಳಿಗೆ ಹಿತವಾದ ಎತ್ತರದಲ್ಲಿ, ನಾಲ್ಕೈದು ಸ್ವರಗಳೊಳಗೇ ಮುಗಿಯುವ ಮಟ್ಟು ಇರಲಿ. ಕೊನೆಗೆ ಪದ್ಮಿನಿಯ ಆ ಮಗ ಇದೇ ಹಾಡು ಹಾಡಿಕೊಂಡು ಹಯವದನನ ಬೆನ್ನೇರುತ್ತಾನೆ. ಪ್ರೇಕ್ಷಕರಿಗೆ ಆಗ ಮೊದಲ ಹಾಡು ನೆನಪಾಗಲೇಬೇಕು. ಮಟ್ಟು ಸರಳವಾಗಿದ್ದಷ್ಟೂ ನೆನಪಾಗುತ್ತದೆ.

ಇನ್ನು ತಾಲೀಮು. ನನ್ನ ಊಹೆ ಸರಿಯಾದರೆ ನೀವು ಹಾಡನ್ನು ಒಂದು ದಿನ, ಮಾತನ್ನು ಇನ್ನೊಂದು ದಿನ ಮಾಡುತ್ತಿದ್ದೀರಿ. ಎರಡೂ ಚೆನ್ನಾಗಿರುತ್ತವೆ, ಕೂಡಿಸಿದ ಕೂಡಲೇ ಕುಸಿಯುತ್ತವೆ. ನಾಟಕ ಹರಿಯುವುದು ಹೊಲಿಗೆಯಲ್ಲಿ. ಆದ್ದರಿಂದ ಹೊಲಿಗೆಯನ್ನೇ ಅಭ್ಯಾಸ ಮಾಡಿಸು: ಹಾಡಿನ ಹಿಂದಿನ ನಾಲ್ಕು ಮಾತು, ಹಾಡಿನ ಮೊದಲ ಸಾಲು, ನಿಲ್ಲಿಸು. ಹಾಡಿನ ಕೊನೆಯ ಸಾಲು, ಮುಂದಿನ ನಾಲ್ಕು ಮಾತು, ನಿಲ್ಲಿಸು. ಒಂದೊಂದು ಜಾಗವನ್ನೂ ಹತ್ತು ಹತ್ತು ಸಲ. ಭಾಗವತ ಕಾಗದ ನೋಡಿ ಪದ ಎತ್ತಬಾರದು. ಪದ್ಮಿನಿ ತಲೆ ತಿರುಗಿಸಿದ್ದನ್ನು ನೋಡಿ ಎತ್ತಬೇಕು. ನಿನ್ನ ಗೆಳತಿಗೆ ಮಾತಿನಲ್ಲಿ ಇರುವ ಬಲ ಹಾಡಿನ ಹೊಸ್ತಿಲವರೆಗೂ ಬರುವುದು ಹೀಗೆ.

ಮುಖವಾಡಗಳು ತಯಾರಾಗಿವೆಯೇ? ದೇವದತ್ತ, ಕಪಿಲರ ತಲೆ ಅದಲು ಬದಲಾಗುವುದು ಮುಖವಾಡದಿಂದಲ್ಲವೇ. ಇವತ್ತೇ ರಟ್ಟಿನಲ್ಲಾದರೂ ಮಾಡಿ ಹಾಕಿಕೊಳ್ಳಲಿ. ಬಾಯಿ ಮುಚ್ಚುವ ಮುಖವಾಡದೊಳಗೆ ಮಾತು ಗೊಗ್ಗರಾಗುತ್ತದೆ, ಅರ್ಧ ಮುಖದ್ದೇ ಒಳ್ಳೆಯದು. ಇಬ್ಬರು ಹಿಡಿದು ತರುವ ತೆರೆಗೆ ಅಮ್ಮನ ಹಳೆಯ ಸೀರೆ ಸಾಕು, ಆದರೆ ಅದು ಮೊದಲ ದಿನದಿಂದ ಇರಬೇಕು. ನನ್ನ ಕಾಲೇಜಿನ ದಿನಗಳಲ್ಲಿ ನಾವು ತೆರೆಯೇ ಇಲ್ಲದೆ ಎರಡು ತಿಂಗಳು ತಾಲೀಮು ಮಾಡಿ, ಪ್ರದರ್ಶನದ ದಿನ ಅದನ್ನು ಕೈಗೆ ತೆಗೆದುಕೊಂಡೆವು. ರಾಜ ಅದರೊಳಗೆ ಸುತ್ತಿಕೊಂಡು ನೆಲಕ್ಕೆ ಬಿದ್ದ. ಸಭೆ ಇವತ್ತಿಗೂ ಅದನ್ನೇ ನೆನೆಸಿಕೊಳ್ಳುತ್ತದೆ, ನಾಟಕದ ಹೆಸರು ಯಾರಿಗೂ ನೆನಪಿಲ್ಲ.

ತಾಲೀಮಿನ ಕೋಣೆಯ ನೆಲದ ಮೇಲೆ ಸಭಾಂಗಣದ ರಂಗದ ಅಳತೆಯನ್ನು ಸುಣ್ಣದ ಗೆರೆಯಲ್ಲಿ ಎಳೆದಿಡು. ಸೈಡ್‌ವಿಂಗ್ ಎಲ್ಲಿ ಬರುತ್ತದೆ ಎನ್ನುವುದನ್ನೂ ಗುರುತು ಮಾಡು. ಭಾನುವಾರದ ತಾಲೀಮಿಗೆ ಸಮಯ ಹೇಳುವ ಮೊದಲು ಲೋಕಲ್ ರೈಲಿನ ಮೆಗಾ ಬ್ಲಾಕ್ ಯಾವ ಲೈನಿನಲ್ಲಿ ಎಂದು ನೋಡಿಕೋ. ದೊಂಬಿವಲಿಯವನು ತಡವಾಗಿ ಬಂದದ್ದಕ್ಕೆ ಅವನ ಮೇಲೆ ರೇಗಬೇಡ. ವಿರಾರ್ ಕಡೆಯ ಹುಡುಗಿಯರಿದ್ದರೆ ಅವರ ದೃಶ್ಯಗಳನ್ನು ಮೊದಲು ಮುಗಿಸಿ ಕಳಿಸು, ಮನೆಯವರ ದೂರು ಅರ್ಧ ಇಳಿಯುತ್ತದೆ. ಕನ್ನಡ ಓದಲು ಬಾರದೆ ದೇವನಾಗರಿಯಲ್ಲಿ ಬರೆದುಕೊಂಡವರಿಗೆ ಮಾತನ್ನು ನೀನೇ ಓದಿ ಫೋನಿನಲ್ಲಿ ಕಳಿಸು. ಉಚ್ಚಾರ ಕಿವಿಯಿಂದಲೇ ಬರಬೇಕು.

ನಾಟಕಕಾರರ ಹಕ್ಕುದಾರರ ಅನುಮತಿ, ನಾಟಕಗಳನ್ನು ಪರಿಶೀಲಿಸುವ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳದ ಪತ್ರ: ಇವೆರಡರ ವಿಚಾರವನ್ನು ಹಿರಿಯರಿಗೇ ವಹಿಸು. ಅವರಿಗೂ ಕೈತುಂಬ ಕೆಲಸ ಸಿಗುತ್ತದೆ, ಪಾತ್ರ ಹಂಚಿಕೆಯ ಮೇಲಿನ ಗಮನ ತುಸು ಕಡಿಮೆಯಾಗುತ್ತದೆ.

ಗೆಳತಿಯ ಹತ್ತಿರ ವಾಟ್ಸಾಪಿನಲ್ಲಿ ಕ್ಷಮೆ ಕೇಳಬೇಡ. ನಾಳೆ ಸಂಜೆ ಅವಳ ಮನೆಗೆ ಹೋಗು. ಹಿರಿಯರ ಮಾತಿಗೆ ಆಗಲೇ ಎದುರಾಡದೆ ಸುಮ್ಮನಿದ್ದದ್ದು ನಿನ್ನ ತಪ್ಪು, ಅದನ್ನು ಒಪ್ಪಿಕೋ. ಹಾಡುಗಳು ಭಾಗವತನಿಗೆ ಹೋಗುತ್ತವೆ, ಜೋಗುಳ ಅವಳದೇ ಎಂದು ಹೇಳು. ಆಮೇಲೆ, ಅವಳ ಅಮ್ಮ ಅವಳನ್ನು ಮಲಗಿಸುತ್ತಿದ್ದದ್ದು ಯಾವ ಹಾಡಿನಿಂದ ಎಂದು ಕೇಳು. ತುಳುವಾಗಲಿ, ಕೊಂಕಣಿಯಾಗಲಿ, ಅವಳು ಗುನುಗಿದ ಆ ಮಟ್ಟನ್ನೇ ನಾಟಕದ ಜೋಗುಳಕ್ಕೆ ಕೂಡಿಸಲು ಬರುತ್ತದೋ ನೋಡು. ಹಾರ್ಮೋನಿಯಂ ಮಾತ್ರ ಒಯ್ಯಬೇಡ.