ಆತ್ಮವಿಮರ್ಶೆಯ ಪರಂಪರೆ: ಅಗಸ್ಟೀನ್, ಬಸವಣ್ಣ ಮತ್ತು ಇಳಕಲ್ಲಿನ ಮಹಾಂತ ಜೋಳಿಗೆ

ಧಾರ್ಮಿಕ ಚಿಂತಕನೊಬ್ಬನ ಪ್ರಭಾವವನ್ನು ಆತನ ಸಿದ್ಧಾಂತಗಳಿಂದ ಅಳೆಯುವುದು ರೂಢಿ. ಸಿದ್ಧಾಂತಗಳಷ್ಟೇ ದೀರ್ಘವಾಗಿ ಆತ ರೂಪಿಸಿದ ಮಾತಿನ ಬಗೆಯೂ ಬಾಳುತ್ತದೆ ಎಂಬುದನ್ನು ಎರಡು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉತ್ತರ ಆಫ್ರಿಕಾದ ಹಿಪ್ಪೊ ನಗರದ ಬಿಷಪ್ಪನಾಗಿದ್ದ ಸಂತ ಅಗಸ್ಟೀನ್ (354–430) ಸುಮಾರು 397–400ರಲ್ಲಿ ‘ಕನ್ಫೆಶನ್ಸ್’ ಎಂಬ ಲ್ಯಾಟಿನ್ ಕೃತಿಯನ್ನು ರಚಿಸಿದ. ದೇವರನ್ನು ನೇರವಾಗಿ ಸಂಬೋಧಿಸುತ್ತ ತನ್ನ ದೋಷಗಳನ್ನು ನಿವೇದಿಸಿಕೊಳ್ಳುವುದು ಅದರ ಕ್ರಮ. 18ನೆಯ ಶತಮಾನದಲ್ಲಿ ರೂಸೊ ತನ್ನ ಆತ್ಮಕಥೆಗೆ ಇದೇ ಹೆಸರಿಟ್ಟ. ಆದರೆ ಅವನಲ್ಲಿ ಆ ನಿವೇದನೆ ಮುಖ್ಯವಾಗಿ ಓದುಗರ ಕಡೆಗೆ ತಿರುಗಿತು. ದೇವರ ಮುಂದಿನ ಮಾತು ಹೀಗೆ ಪಾಶ್ಚಾತ್ಯ ಆತ್ಮಕಥನಕ್ಕೆ ಮಾದರಿಯಾಯಿತು.

ಕನ್ನಡದಲ್ಲಿ ಇದಕ್ಕೆ ಸಮೀಪವಾದ ನಿದರ್ಶನ 12ನೆಯ ಶತಮಾನದ ಬಸವಣ್ಣನವರದು. ಹುನಗುಂದ ಸೀಮೆಯ ಕೂಡಲಸಂಗಮ, ಅಂದರೆ ಕೃಷ್ಣಾ–ಮಲಪ್ರಭಾ ನದಿಗಳ ಸಂಗಮಸ್ಥಾನ, ಅವರ ಅಧ್ಯಯನದ ನೆಲೆ. ಅಲ್ಲಿನ ದೈವವೇ ಅವರ ವಚನಗಳ ಅಂಕಿತ. ಈ ಅಂಕಿತವು ಕರ್ತೃತ್ವದ ಗುರುತು ಮಾತ್ರವಲ್ಲ. ನಿವೇದನೆಯನ್ನು ಆಲಿಸುವ ಸಾಕ್ಷಿಯೂ ಹೌದು. ಮನಸ್ಸಿನ ಚಾಂಚಲ್ಯ, ಭಕ್ತಿಯ ಡಾಂಭಿಕತೆ, ನುಡಿ ನಡೆಗಳ ಅಂತರ ಇವೆಲ್ಲವನ್ನೂ ವಚನಕಾರರು ಮೊದಲು ತಮ್ಮಲ್ಲೇ ಗುರುತಿಸಿಕೊಳ್ಳುತ್ತಾರೆ.

ಉಭಯರಲ್ಲಿ ಭೇದವೂ ಉಂಟು. ಅಗಸ್ಟೀನನ ನಿವೇದನೆ ಬಹುಪಾಲು ಗತಜೀವನದ ಸ್ಮರಣೆ. ಮತಪರಿವರ್ತನೆ ಅದರ ತಿರುವು. ವಚನದಲ್ಲಿ ಅಂಥ ಅಖಂಡ ಕಥನವಿಲ್ಲ. ಪ್ರತಿ ವಚನವೂ ಆ ಕ್ಷಣದ ವಿಚಾರಣೆ. ಅಗಸ್ಟೀನನಿಗೆ ಮನುಷ್ಯನ ಮೂಲಪಾಪ, ದೇವರ ಕೃಪೆಗಳು ಮುಖ್ಯವಾದರೆ, ವಚನಧರ್ಮದಲ್ಲಿ ಆತ್ಮಶುದ್ಧಿಯು ಕಾಯಕ, ದಾಸೋಹಗಳೊಡನೆ ಬೆಸೆದುಕೊಂಡಿದೆ.

ಈ ಬೆಸುಗೆಯ ಆಧುನಿಕ ರೂಪವನ್ನು ಇಳಕಲ್ಲಿನಲ್ಲಿ ಕಾಣಬಹುದು. ಅಲ್ಲಿನ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಚಟ ಬಿಡುವ ಸಂಕಲ್ಪವೇ ಭಿಕ್ಷೆಯಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ದೇವರ ಮುಂದಿನ ತಪ್ಪೊಪ್ಪಿಗೆ ಇಲ್ಲಿ ಊರವರ ಎದುರಿನ ಪ್ರತಿಜ್ಞೆಯಾಗಿದೆ. ಯುರೋಪಿನಲ್ಲಿ ಈ ಬಗೆಯ ಮಾತು ಗ್ರಂಥವಾಗಿ ಬೆಳೆದರೆ, ಇಲ್ಲಿ ಆಚರಣೆಯಾಗಿಯೂ ಬೆಳೆಯಿತು.

2024ರಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ‘ಸಾಂಸ್ಕೃತಿಕ ನಾಯಕ’ ಎಂದು ಘೋಷಿಸಿತು. ಈ ಗೌರವ ಉಚಿತವೇ. ಆದರೆ ವಚನಗಳನ್ನು ಅನ್ಯರನ್ನು ಖಂಡಿಸುವ ಘೋಷಣೆಗಳಾಗಿ ಮಾತ್ರ ಓದಿದರೆ, ತನ್ನನ್ನೇ ವಿಚಾರಣೆಗೊಡ್ಡಿಕೊಳ್ಳುವ ಅವುಗಳ ಧ್ವನಿ ಮರೆಯಾಗುತ್ತದೆ. ವಚನಗಳ ಸಮಾಜವಿಮರ್ಶೆಗೆ ನೈತಿಕ ಅಧಿಕಾರ ದೊರೆತದ್ದು ಈ ಆತ್ಮವಿಮರ್ಶೆಯಿಂದ. ಆದುದರಿಂದ ವಚನಗಳ ಅಧ್ಯಯನ, ಬೋಧನೆಗಳಲ್ಲಿ ಇವೆರಡನ್ನೂ ಒಟ್ಟಿಗೆ ಪರಿಗಣಿಸುವುದು ಅವಶ್ಯಕ.