ಹೌಲ್ಯಾಂಡನ ಹೆಂಡತಿ ಯಾರ ಮಗಳು?

ಒಂದೇ ಮನೆತನದ ಎರಡು ದಾಖಲೆಗಳು ಪರಸ್ಪರ ವಿರುದ್ಧವಾದ ಸಂಗತಿಗಳನ್ನು ಹೇಳಿದರೆ ನಾವು ಯಾವುದನ್ನು ನಂಬಬೇಕು? ಅಮೆರಿಕದ ಮೊದಮೊದಲ ವಲಸೆಗಾರರ ವಂಶಜರನ್ನು ಬಹುಕಾಲ ದಾರಿತಪ್ಪಿಸಿದ ಪ್ರಶ್ನೆಯೊಂದನ್ನು ಎತ್ತಿಕೊಂಡು ಇದನ್ನು ವಿಚಾರಮಾಡೋಣ.

1620ರಲ್ಲಿ ‘ಮೇಫ್ಲವರ್’ ಎಂಬ ಹಡಗು ಇಂಗ್ಲೆಂಡಿನಿಂದ ಹೊರಟು ಈಗಿನ ಮ್ಯಾಸಚೂಸೆಟ್ಸಿನ ತೀರವನ್ನು ಸೇರಿತು. ಅದರಲ್ಲಿ ಜಾನ್ ಹೌಲ್ಯಾಂಡ್ ಎಂಬ ತರುಣನಿದ್ದನು. ಪ್ಲಿಮತ್ ವಸಾಹತಿನ ಮೊದಲ ಗವರ್ನರಾದ ಜಾನ್ ಕಾರ್ವರನ ಸೇವಕನಾಗಿ ಬಂದವನು ಅವನು. ನಡುಗಡಲಿನ ಬಿರುಗಾಳಿಯಲ್ಲಿ ನೀರಿಗೆ ಬಿದ್ದು, ಹಡಗಿನಿಂದ ಜೋಲುತ್ತಿದ್ದ ಹಗ್ಗವೊಂದನ್ನು ಬಿಗಿಹಿಡಿದು ಬದುಕಿಕೊಂಡನು. ಆ ಹಗ್ಗ ಕೈಗೆ ಸಿಕ್ಕದಿದ್ದರೆ ಅಮೆರಿಕದ ಎಷ್ಟೋ ಮನೆತನಗಳೇ ಇರುತ್ತಿರಲಿಲ್ಲ!

ಇವನ ಹೆಂಡತಿ ಎಲಿಜಬೆತ್. ಅವಳು ಕಾರ್ವರನ ಮಗಳೆಂಬ ಮಾತು ವಂಶದಲ್ಲಿ ತಲೆತಲಾಂತರದಿಂದ ಬಂದಿತ್ತು, ಪುಸ್ತಕಗಳಲ್ಲಿಯೂ ಅಚ್ಚಾಗಿತ್ತು. ಹೌಲ್ಯಾಂಡನ ಉಯಿಲಿನಲ್ಲಿ ಹೆಂಡತಿಯ ಹೆಸರಿದೆ, ಆಕೆಯ ತಂದೆಯ ಹೆಸರಿಲ್ಲ. ಮದುವೆಯಾದೊಡನೆ ಹೆಣ್ಣಿಗೆ ಗಂಡನ ಮನೆತನದ ಹೆಸರು ಬರುತ್ತಿದ್ದುದರಿಂದ ತೌರಿನ ಗುರುತು ದಾಖಲೆಗಳಲ್ಲಿ ಅಳಿಸಿಹೋಗುವುದು ಸಾಮಾನ್ಯವಾಗಿತ್ತು. ಆ ತೆರವನ್ನು ನೆನಪು ತುಂಬುತ್ತದೆ. ಹಾಗೆ ತುಂಬುವಾಗ ಯಜಮಾನನು ಮಾವನಾಗಿಬಿಡುವುದು ಅಸಂಭವವಲ್ಲ.

ಗಂಟು ಬಿಡಿಸಿದುದು ಒಂದು ಹಸ್ತಪ್ರತಿ. ಕಾರ್ವರನ ತರುವಾಯ ಗವರ್ನರಾದ ವಿಲಿಯಂ ಬ್ರಾಡ್‌ಫರ್ಡನು ವಸಾಹತಿನ ಚರಿತ್ರೆಯನ್ನು ಬರೆದಿಟ್ಟಿದ್ದನು. ಅಮೆರಿಕದ ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಬಾಸ್ಟನ್ನಿನಿಂದ ಕಣ್ಮರೆಯಾದ ಆ ಗ್ರಂಥವು 1855ರಲ್ಲಿ ಲಂಡನ್ನಿನ ಬಿಷಪ್ಪರ ಗ್ರಂಥಭಂಡಾರದಲ್ಲಿ ಪತ್ತೆಯಾಗಿ, ಮರುವರ್ಷ ಅಚ್ಚಾಯಿತು. 1650ರ ಸುಮಾರಿನಲ್ಲಿ ಅವನು ಬರೆದ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ, ಹೌಲ್ಯಾಂಡನು ಜಾನ್ ಟಿಲ್ಲಿಯ ಮಗಳಾದ ಎಲಿಜಬೆತಳನ್ನು ವರಿಸಿದನೆಂದೂ ಅವರಿಗೆ 10 ಮಕ್ಕಳೆಂದೂ ಸ್ಪಷ್ಟವಾಗಿದೆ. ಟಿಲ್ಲಿಯೂ ಅದೇ ಹಡಗಿನಲ್ಲಿ ಸಂಸಾರಸಮೇತನಾಗಿ ಬಂದು, ಸ್ವಲ್ಪ ಕಾಲದಲ್ಲಿಯೇ ಹೆಂಡತಿಯೊಡನೆ ಮೃತನಾಗಿದ್ದನು. ಇಂಗ್ಲೆಂಡಿನ ಹೆನ್ಲೋ ಎಂಬ ಗ್ರಾಮದ ಚರ್ಚಿನ ಪುಸ್ತಕದಲ್ಲಿ ಎಲಿಜಬೆತ್ ಟಿಲ್ಲಿಗೆ 1607ರಲ್ಲಿ ದೀಕ್ಷಾಸ್ನಾನವಾದುದು ದಾಖಲಾಗಿದೆ.

ಒಬ್ಬನ ಬರಹವನ್ನು ಹಲವರ ಹೇಳಿಕೆಗಿಂತ ಹೆಚ್ಚೆಂದು ನಾವು ಏಕೆ ಎಣಿಸಬೇಕು? ಬ್ರಾಡ್‌ಫರ್ಡನು ಅದೇ ಹಡಗಿನಲ್ಲಿ ಬಂದವನು; ದಂಪತಿಗಳನ್ನು ಬಲ್ಲವನು; ಅವರು ಬದುಕಿರುವಾಗಲೇ ಬರೆದವನು. ಸುಳ್ಳು ಬರೆದು ಪಡೆಯತಕ್ಕ ಲಾಭ ಅವನಿಗೇನೂ ಇರಲಿಲ್ಲ. ಗವರ್ನರನ ವಂಶವೆನಿಸಿಕೊಳ್ಳುವ ಹೆಮ್ಮೆಯಾದರೋ ವಂಶಜರಿಗೆ ಇದ್ದಿತು. ಇನ್ನು, ಒಂದನ್ನೊಂದು ನೋಡಿ ನಕಲುಮಾಡಿದ ಹತ್ತು ಪುಸ್ತಕಗಳು ಹತ್ತು ಸಾಕ್ಷಿಗಳಾಗಲಾರವು. ಅವೆಲ್ಲ ಸೇರಿ ಒಂದೇ ಸಾಕ್ಷಿ.

ಆದರೆ ದಾಖಲೆಗಳಲ್ಲಿ ವಿರೋಧ ಕಂಡಲ್ಲೆಲ್ಲ ಒಂದು ತಪ್ಪಾಗಿರಲೇಬೇಕೆಂದು ತಿಳಿಯಬಾರದು. ಹೌಲ್ಯಾಂಡನು ತೀರಿಕೊಂಡುದು ಫೆಬ್ರವರಿ 23ರಂದು. ವರ್ಷವನ್ನು ಕೆಲವರು 1672 ಎನ್ನುತ್ತಾರೆ, ಕೆಲವರು 1673 ಎನ್ನುತ್ತಾರೆ. ಎರಡೂ ಸರಿಯೇ! 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ ಹೊಸ ವರ್ಷ ಮಾರ್ಚಿ 25ಕ್ಕೆ ಆರಂಭವಾಗುತ್ತಿತ್ತು. ಆದುದರಿಂದ ಫೆಬ್ರವರಿಯು ಹಿಂದಿನ ವರ್ಷಕ್ಕೇ ಸೇರುತ್ತಿತ್ತು. ಎಚ್ಚರವುಳ್ಳ ಲೇಖಕರು 1672/73 ಎಂದು ಎರಡನ್ನೂ ಬರೆಯುತ್ತಾರೆ. ಇದನ್ನರಿಯದವನು, 1672ರ ಮೇ 29ರ ತಾರೀಖುಳ್ಳ ಉಯಿಲನ್ನು ಹಳೆಯ ಲೆಕ್ಕದ ಮರಣದಿನದ ಪಕ್ಕದಲ್ಲಿಟ್ಟು ನೋಡಿದರೆ, ಹೌಲ್ಯಾಂಡನು ಸತ್ತು ಮೂರು ತಿಂಗಳಾದ ಮೇಲೆ ಉಯಿಲು ಬರೆದಂತೆ ತೋರುತ್ತದೆ.