ಗಣಕದ ಬಾಯಿಗೆ ಬೀಗ

ನಮ್ಮ ದೇಶದ ಬಂದರುಗಳಲ್ಲಿ ಬಿರುಗಾಳಿಯನ್ನು ಕುರಿತ 11 ಸಂಕೇತಗಳು ರೂಢಿಯಲ್ಲಿವೆ. ಮೊದಲಿನ ಹತ್ತು ಗಾಳಿಯ ಅಪಾಯವನ್ನು ಹೇಳುತ್ತವೆ. ಹನ್ನೊಂದನೆಯದು ಹವಾಮಾನ ಕಚೇರಿಯೊಡನೆ ಸಂಪರ್ಕವೇ ಕಡಿದಿದೆ ಎಂಬುದನ್ನು ತಿಳಿಸತಕ್ಕದ್ದು. ಸುದ್ದಿ ಬಾರದಿರುವುದು ಬೇರೆ, ಅಪಾಯವಿಲ್ಲದಿರುವುದು ಬೇರೆ. ಬಿಣಗಾದ ಮೀನುಗಾರನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಗಣಕಕ್ಕೆ ಕ್ರಮವಿಧಿ ಬರೆಯುವ ನಾವು ಮಾತ್ರ ಇದನ್ನು ಮರೆಯುವುದುಂಟು.

ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ ಪಿ.ಎಚ್.ಪಿ. ಭಾಷೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಪ್ರತಿಯೊಂದು ಬಗೆಯ ದೋಷಕ್ಕೂ ಒಂದೊಂದು ಅಂಕೆಯಿದೆ: ಮಾರಕ ದೋಷಕ್ಕೆ 1, ಎಚ್ಚರಿಕೆಗೆ 2, ವ್ಯಾಕರಣ ದೋಷಕ್ಕೆ 4, ಸೂಚನೆಗೆ 8, ಹೀಗೆಯೇ ಇಮ್ಮಡಿಯಾಗುತ್ತ ಹೋಗುತ್ತದೆ. ಯಾವ ಯಾವ ದೋಷಗಳು ವರದಿಯಾಗಬೇಕೋ ಅವುಗಳ ಅಂಕೆಗಳನ್ನು ಕೂಡಿಸಿ ಯಂತ್ರಕ್ಕೆ ಕೊಡಬೇಕು. ಮಾರಕ ದೋಷ, ಎಚ್ಚರಿಕೆ ಇವೆರಡೇ ಸಾಕೆಂದರೆ ಮೊತ್ತ 3. ಅಂಕೆಗಳು ಇಮ್ಮಡಿಯ ಕ್ರಮದಲ್ಲಿರುವುದರಿಂದ ಯಾವ ಮೊತ್ತವನ್ನಾದರೂ ಒಂದೇ ರೀತಿಯಲ್ಲಿ ಬಿಡಿಸಲು ಸಾಧ್ಯ. ಗಣಿತದ ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯವೇ.

ಇನ್ನು @ ಎಂಬ ಚಿಹ್ನೆ. ಇದನ್ನು ಒಂದು ಉಕ್ತಿಯ ಮುಂದೆ ಇಟ್ಟರೆ, ಆ ಉಕ್ತಿ ಮುಗಿಯುವವರೆಗೆ ಮೇಲಿನ ಮೊತ್ತ ತಗ್ಗಿ, ಆಮೇಲೆ ಮೊದಲಿನಂತಾಗುತ್ತದೆ. ದೋಷವು ಇದರಿಂದ ನಿವಾರಣೆಯಾಗುವುದಿಲ್ಲ. ಅದರ ವರದಿ ಮಾತ್ರ ನಿಲ್ಲುತ್ತದೆ. ಮೊದಲು ಈ ಮೊತ್ತ ನೇರವಾಗಿ 0ಗೆ ಇಳಿಯುತ್ತಿತ್ತು. ಆ ಉಕ್ತಿಯು ಬೇರೊಂದು ಕಾರ್ಯವನ್ನು ಕರೆದು, ಅಲ್ಲಿ ಮಾರಕ ದೋಷವೇ ಸಂಭವಿಸಿದರೂ ಯಂತ್ರ ತುಟಿಪಿಟಕ್ಕೆನ್ನದೆ ಸಾಯುತ್ತಿತ್ತು. ಪರದೆಯ ಮೇಲೆ ಬರಿಯ ಬಿಳಿಯ ಹಾಳೆ! ಕಾರಣ ಹುಡುಕುವವನ ಪಾಡು ಹೇಳತೀರದು.

2020ರ ನವೆಂಬರಿನಲ್ಲಿ ಬಂದ 8ನೆಯ ಆವೃತ್ತಿಯಲ್ಲಿ ಇದನ್ನು ತಿದ್ದಿದರು. ಈಗ @ ಇದ್ದಾಗಲೂ 1, 4, 16, 64, 256, 4096 ಈ ಆರು ಗಂಭೀರ ದೋಷಗಳ ಅಂಕೆಗಳು ಉಳಿದುಕೊಳ್ಳುತ್ತವೆ. ಕೂಡಿಸಿದರೆ 4437. ತಿದ್ದುಪಡಿ ಯೋಗ್ಯವಾದುದೇ ಸರಿ. ಆದರೆ ಅದರಿಂದ ಹೊಸ ತೊಡಕೊಂದು ಹುಟ್ಟಿತು. ದೋಷಗಳನ್ನು ಸ್ವೀಕರಿಸಲು ನಾವೇ ಒಂದು ನಿರ್ವಾಹಕ ಕಾರ್ಯವನ್ನು ನೇಮಿಸಿದ್ದರೆ, @ ಇದ್ದರೂ ಯಂತ್ರ ಅದನ್ನು ಕರೆದೇ ಕರೆಯುತ್ತದೆ. ಸುಮ್ಮನಿರಬೇಕೋ ಬೇಡವೋ ಎಂಬುದನ್ನು ಅದೇ ನಿರ್ಣಯಿಸಬೇಕು. ಹಳೆಯ ನಿರ್ವಾಹಕಗಳು 'ಮೊತ್ತ 0 ಆಗಿದೆಯೇ?' ಎಂದು ಕೇಳಿ ಸುಮ್ಮನಾಗುತ್ತಿದ್ದವು. ಈಗ @ ಇದ್ದಾಗ 0 ಬರುವುದಿಲ್ಲವಾದ್ದರಿಂದ, ಅಡಗಿಸಿದ ಎಚ್ಚರಿಕೆಗಳೆಲ್ಲ ಒಮ್ಮೆಗೇ ಹೊರಬೀಳುತ್ತವೆ. ಒದಗಿರುವ ದೋಷದ ಅಂಕೆ ಈಗಿನ ಮೊತ್ತದಲ್ಲಿ ಸೇರಿದೆಯೇ ಎಂದು ಕೇಳುವುದೇ ಸರಿಯಾದ ಕ್ರಮ.

ಹಾಗಾದರೆ @ ವರ್ಜ್ಯವೇ? ಹಾಗೆನ್ನಲಾರೆ. ಕಡತವಿದೆಯೆಂದು ನೋಡಿ ತೆರೆಯುವಷ್ಟರಲ್ಲಿ ಬೇರಾರೋ ಅದನ್ನು ಅಳಿಸಿರಬಹುದು. ಅಂಥಲ್ಲಿ ಎಚ್ಚರಿಕೆಯನ್ನು ಅಡಗಿಸಿ ಫಲವನ್ನು ಪರೀಕ್ಷಿಸುವುದು ಯುಕ್ತ. ಆದರೆ ಒಂದು ವಿದ್ಯಾರ್ಥಿವೇತನದ ಅರ್ಜಿಯನ್ನು ಕಡತಕ್ಕೆ ಬರೆಯುವಲ್ಲಿ @ ಇಟ್ಟು, ಫಲವನ್ನು ನೋಡದೆ 'ಅರ್ಜಿ ಸ್ವೀಕೃತವಾಗಿದೆ' ಎಂದು ಪರದೆಯ ಮೇಲೆ ಮೂಡಿಸಿದರೆಂದುಕೊಳ್ಳಿ. ತಟ್ಟೆಯಲ್ಲಿ ಜಾಗ ತುಂಬಿದ ದಿನ ಬರೆಯುವ ಕಾರ್ಯ 'ಆಗಲಿಲ್ಲ' ಎಂಬ ಉತ್ತರ ಕೊಟ್ಟಿರುತ್ತದೆ, ಕೇಳುವವರಿಲ್ಲ. ಅಂಕೋಲೆಯ ಹಳ್ಳಿಯ ಹುಡುಗಿ ನಿಶ್ಚಿಂತೆಯಿಂದ ಮನೆಗೆ ಹೋಗಿರುತ್ತಾಳೆ, ಅವಳ ಅರ್ಜಿ ಎಲ್ಲಿಯೂ ಇರುವುದಿಲ್ಲ. @ ಇಟ್ಟ ಮರುಸಾಲಿನಲ್ಲಿಯೇ ಫಲವನ್ನು ಪರೀಕ್ಷಿಸಬೇಕು. ನಿರ್ವಾಹಕವು ದೋಷವನ್ನು ಸ್ವೀಕರಿಸಿ ಮುಗಿಸಿರದಿದ್ದರೆ, 'ಎರರ್ ಗೆಟ್ ಲಾಸ್ಟ್' ಎಂಬ ಕಾರ್ಯವನ್ನು ಕರೆದು ಅಡಗಿಸಿದ ಆ ಮಾತನ್ನು ಆಗಲೂ ಓದಬಹುದು.